ಎಂಬತ್ತೊಂಬತ್ತನೇ ಪುಟವನ್ನು ರದ್ದಿಗೆ ಹಾಕಬೇಡಿ

ಕೂತವರೇ, ನಿಂತವರೇ, ಬಸ್ಸಿಗೆ ಕಾಯುತ್ತ ಈ ಗೋಡೆಗೆ ಒರಗಿದವರೇ! ಕೂಡ್ಲಿಗಿಯವರೇ, ಕೊಟ್ಟೂರಿನವರೇ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನನ್ನ ಅಕ್ಕಂದಿರೇ, ಅಣ್ಣಂದಿರೇ! ಗದ್ದಲ ಬೇಡ. ಹಿಂದಿನವರಿಗೆ ಕಾಣಲಿ, ಮುಂದಿನವರು ತುಸು ಬಗ್ಗಿ. ಗೋಡೆಗೆ ಅಂಟಿಸಿದ ಈ ಪತ್ರ ಬರೆದದ್ದು ನಿಮಗಲ್ಲ, ಗ್ರಂಥಾಲಯಗಳ ಮೇಲಧಿಕಾರಿಗಳಿಗೆ. ಆದರೆ ಅವರೊಬ್ಬರಿಗೇ ಹೇಳಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಈ ವಾರ ಚೆನ್ನಾಗಿ ಕಲಿತಿದ್ದೇನೆ. ಆದ್ದರಿಂದ ನೀವು ಸಾಕ್ಷಿಯಾಗಿ ನಿಂತು ಕೇಳಬೇಕು.

ಮಾನ್ಯ ಅಧಿಕಾರಿಗಳೇ, ನಾಳೆ ಶನಿವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ವ್ಯಾನು ನಮ್ಮೂರ ಲೈಬ್ರರಿಯ ಮುಂದೆ ನಿಲ್ಲಲಿದೆ. ನೀವು ಸೋಮವಾರ ಅರಗು ಮುದ್ರೆ ಹಾಕಿಸಿದ ಬೀರುವನ್ನು ತೆಗೆದು, ಅದರೊಳಗಿನ ನಲವತ್ತೊಂದು ಪುಸ್ತಕಗಳನ್ನು ಚೀಲಕ್ಕೆ ತುಂಬಿ ರದ್ದಿಗೆ ಒಯ್ಯಲಿದೆ. ಆ ನಲವತ್ತೊಂದರಲ್ಲಿ ಒಂದು ಪುಸ್ತಕದ ಕೊನೆಯ ಐವತ್ತೆರಡು ಪುಟಗಳು ನಮ್ಮೂರಿನ ಒಬ್ಬ ಮನುಷ್ಯನಿಗೆ ಬೇಕಾಗಿವೆ. ಹೊತ್ತು ಕಳೆಯಲಿಕ್ಕಲ್ಲ. ಅವನು ಆ ಪುಟಗಳನ್ನು ಕೇಳದೆ ಹೋದರೆ ಏನು ಮಾಡಿಕೊಂಡಾನೋ ಎಂದು ನನಗೆ ಹೆದರಿಕೆಯಾಗಿದೆ. ಈ ಮಾತನ್ನು ಸುತ್ತಿ ಬಳಸಿ ಹೇಳಲು ನನಗೆ ಬರುತ್ತದೆ, ಅದೇ ನನ್ನ ಕಸುಬು. ಆದರೆ ಇವತ್ತು ವೇಳೆಯಿಲ್ಲ.

ನಾನು ಗುರುಸಂಗಪ್ಪ. ರಾಜಪಾರ್ಟು ಗುರುಸಂಗಪ್ಪ ಎಂದರೆ ಇಟ್ಟಿಗಿಯಿಂದ ಉಚ್ಚಂಗಿದುರ್ಗದವರೆಗೆ ವಯಸ್ಸಾದವರು ಇನ್ನೂ ತಲೆ ಆಡಿಸುತ್ತಾರೆ. ನಲವತ್ತು ವರ್ಷ ಬಣ್ಣ ಹಚ್ಚಿದ್ದೇನೆ. ಮೈಕು ಕೆಟ್ಟ ದಿನ ಮೈಕಿಲ್ಲದೆ ಗುಡುಗಿದ್ದೇನೆ. ಸ್ಟೇಜಿನ ಹಲಗೆ ಮುರಿದು ಮೊಣಕಾಲುದ್ದ ಕೆಳಗಿಳಿದಾಗಲೂ ಕಿರೀಟ ಬೀಳಿಸದೆ ಕಂದಪದ್ಯ ಮುಗಿಸಿದ್ದೇನೆ. ಹೆದರಿಕೆ ನನಗೆ ಒಂದು ಅಭಿನಯವಾಗಿತ್ತು: ಕಣ್ಣು ಹಿಗ್ಗಿಸು, ಎಡಗೈ ಎದೆಗೆ ಒಯ್ಯು, ಎರಡು ಹೆಜ್ಜೆ ಹಿಂದೆ ಸರಿ. ಅದು ಹಾಗಿರುವುದಿಲ್ಲ ಎಂದು ಈಗ ತಿಳಿಯಿತು. ಹೆದರಿದವನು ಸುಮ್ಮನೆ ಕೂತಿರುತ್ತಾನೆ. ಓಣಿಯಲ್ಲಿ ಯಾವ ಹೆಂಗಸು ತುಸು ಜೋರಾಗಿ ಮಾತಾಡಿದರೂ, ಕೆಟ್ಟ ಸುದ್ದಿ ಬಂತೇ ಎಂದು ಅವನ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತದೆ.

ಮೊದಲು ನಿಮ್ಮ ಕಡೆಯ ಕತೆ. ಕಳೆದ ತಿಂಗಳು ನಿಮ್ಮ ಕಚೇರಿಯಿಂದ ಒಂದೇ ಲಕೋಟೆಯಲ್ಲಿ ಎರಡು ಸುತ್ತೋಲೆಗಳು ಬಂದವು. ಮೊದಲನೆಯದರಲ್ಲಿ, "ಇಂದಿನ ಪೀಳಿಗೆಗೆ ಸಂಕಷ್ಟದಲ್ಲಿ ಸ್ಥೈರ್ಯ ತುಂಬುವ, ಹಿಂದಿನ ಕಾಲದ ಜನರ ಕಷ್ಟಸಹಿಷ್ಣುತೆಯನ್ನು ಪರಿಚಯಿಸುವ ಗ್ರಂಥಗಳನ್ನು ಓದುಗರು ಲಗತ್ತಿಸಿದ ನಮೂನೆಯಲ್ಲಿ ಶಿಫಾರಸು ಮಾಡತಕ್ಕದ್ದು" ಎಂದಿತ್ತು. ಆಹಾ! ಓದಿ ನನ್ನ ಮೈ ಜುಮ್ಮೆಂದಿತು. ಸರ್ಕಾರಿ ಕಾಗದದಲ್ಲಿ ಇಂಥ ಮಾತು ನಾನು ಕಂಡದ್ದೇ ಇಲ್ಲ. ಎರಡನೆಯದರಲ್ಲಿ, "ಕಳೆದ ಐದು ವರ್ಷಗಳಲ್ಲಿ ಯಾವ ಓದುಗರೂ ಎರವಲು ಪಡೆಯದ ಗ್ರಂಥಗಳನ್ನು ಪಟ್ಟಿ ಮಾಡಿ ವಿಲೇವಾರಿಗೆ ಸಿದ್ಧಪಡಿಸತಕ್ಕದ್ದು" ಎಂದಿತ್ತು. ಲೈಬ್ರರಿ ನೋಡಿಕೊಳ್ಳುವ ಚಂದನಾ ನಿಷ್ಠಾವಂತ ಹುಡುಗಿ. ನಾವು ಶಿಫಾರಸು ಮಾಡಬೇಕೆಂದಿದ್ದ ಪುಸ್ತಕಗಳದೊಂದು, ರಿಜಿಸ್ಟರು ನೋಡಿ ರದ್ದಿಯದೊಂದು, ಎರಡು ಪಟ್ಟಿ ಮಾಡಿದಳು. ಮಾಡಿ ಮುಗಿಸಿ ನನ್ನ ಕಡೆ ನೋಡಿದಾಗ ಅವಳ ಮುಖ ಬಿಳಿಚಿತ್ತು.

"ತಾತಾ, ಇವು ಎರಡೂ ಪಟ್ಟಿ ಒಂದಾ ಆಗ್ಯಾವು ನೋಡ್ರಿ."

ಹೌದು ಮಾನ್ಯರೇ. ನೀವು ಹೊಸದಾಗಿ ಶಿಫಾರಸು ಮಾಡಿ ಎಂದು ಕೇಳಿದ ಪುಸ್ತಕಗಳು ಯಾವುವೋ, ನೀವು ರದ್ದಿಗೆ ಹಾಕಿ ಎಂದ ಪುಸ್ತಕಗಳೂ ಅವೇ. ಬರದ ಪುಸ್ತಕ, ಪ್ಲೇಗಿನ ಪುಸ್ತಕ, ಹಿಂದಿನವರು ಹೇಗೆ ಬದುಕಿ ಉಳಿದರು ಎಂದು ಹೇಳುವ ಅಷ್ಟೂ ಪುಸ್ತಕ. ಬಲಗೈಯಿಂದ ಕರೆದು ಎಡಗೈಯಿಂದ ಕತ್ತು ಹಿಡಿದು ನೂಕುವ ಇಂಥ ದೃಶ್ಯವನ್ನು ನಾನು ಯಾವ ಹಾಸ್ಯ ನಾಟಕದಲ್ಲಿಯೂ ಆಡಿಲ್ಲ. ನಿಮ್ಮಲ್ಲಿ ಈ ಎರಡು ಕಾಗದಗಳಿಗೆ ಸಹಿ ಹಾಕಿದವರು ಒಬ್ಬರೇ ಇರಬಹುದೇ? ಇದ್ದರೆ, ಎರಡು ಸಹಿಗಳ ನಡುವೆ ಅವರು ಒಂದು ಲೋಟ ಚಹಾ ಕುಡಿದರೇ? ಅಷ್ಟಾದರೂ ಬಿಡುವು ಇತ್ತೆಂದು ನಂಬಲು ನನಗೆ ಆಸೆ.

ಐದು ವರ್ಷದಿಂದ ಯಾರೂ ಒಯ್ದಿಲ್ಲ ಎಂಬುದು ನಿಮ್ಮ ವಾದ. ರಿಜಿಸ್ಟರು ಸುಳ್ಳು ಹೇಳುತ್ತಿಲ್ಲ. ಯಾರೂ ಒಯ್ದಿಲ್ಲ. ಏಕೆ ಒಯ್ದಿಲ್ಲ ಎಂದು ನಿಮ್ಮ ಕಚೇರಿಯಿಂದ ಒಬ್ಬರಾದರೂ ಕೇಳಿದ್ದೀರಾ? ನಮ್ಮೂರಲ್ಲಿ ಒಂದು ನಡವಳಿಕೆ ಇದೆ. ಬರ, ಪ್ಲೇಗು, ಗುಳೆ, ಜಡ್ಡು ಇಂಥವನ್ನು ಬರೆದ ಪುಸ್ತಕವನ್ನು ಹೊಸ್ತಿಲು ದಾಟಿಸುವುದಿಲ್ಲ. ಜೋಳದ ಚೀಲ ಇರುವ ಮನೆ, ತೊಟ್ಟಿಲು ಕಟ್ಟಿದ ಮನೆ, ಅಲ್ಲಿಗೆ ಅದನ್ನು ಒಯ್ಯಬಾರದು ಎನ್ನುತ್ತಾರೆ. ಒಮ್ಮೆ ನಾನೇ ಒಂದು ಬರದ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದೆ. ನನ್ನ ಹೆಂಡತಿ ನಾಗಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ನೀವು ಬರ್ರಿ. ಅದು ಹೊರಗಿರ್ಲಿ." ಬಿಸಿಲಲ್ಲಿ ಮತ್ತೆ ಲೈಬ್ರರಿಗೆ ನಡೆದು ಅದನ್ನು ಬಿಟ್ಟು ಬಂದ ಮೇಲೆಯೇ ಆವತ್ತು ನನಗೆ ರೊಟ್ಟಿ ಸಿಕ್ಕಿದ್ದು. ಮೂಢನಂಬಿಕೆ ಎನ್ನುತ್ತೀರಾ? ಅನ್ನಿ. ಆದರೆ ಒಳಗೆ ಒಯ್ಯುವುದಿಲ್ಲ ಎಂದ ಜನ ಅದನ್ನು ಕೇಳುವುದಿಲ್ಲ ಎಂದಿಲ್ಲ. ಲೈಬ್ರರಿಯ ಮುಂದೆ ಬೇವಿನ ಮರದ ಕೆಳಗೆ ಕಟ್ಟೆ ಇದೆ. ಆರು ವರ್ಷದಿಂದ ಪ್ರತಿದಿನ ಸಂಜೆ ನಾಲ್ಕರಿಂದ ಆರರವರೆಗೆ ನಾನು ಅಲ್ಲಿ ನಿಂತು ಈ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತೇನೆ. ಇಪ್ಪತ್ತು, ಮೂವತ್ತು, ಎತ್ತು ಹೂಡದ ಸೋಮವಾರವಾದರೆ ಐವತ್ತು ಮಂದಿ ಕೂತು ಕೇಳುತ್ತಾರೆ. ಇದು ನಿಮ್ಮ ಯಾವ ಕಾಲಮ್ಮಿನಲ್ಲಿ ಬರುತ್ತದೆ?

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಚಂದನಾ ಬಂದ ಹೊಸತರಲ್ಲೇ ಕೇಳಿದ್ದಳು, "ತಾತಾ, ಕೇಳಾಕ ಬಂದೋರ ಹೆಸ್ರು ಒಂದು ಬುಕ್ಕಿನಾಗ ಬರ್ಕೊಳ್ಳೇನ್ರಿ?" ನಾನು ಎದೆಯುಬ್ಬಿಸಿ, "ನಾಟಕಕ್ಕ ಬಂದೋರ ಸಹಿ ಯಾರಾದ್ರೂ ತಗೊಂತಾರೇನವ್ವಾ? ಅವರು ಪ್ರೇಕ್ಷಕರು!" ಎಂದುಬಿಟ್ಟೆ. ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಲವತ್ತೊಂದು ಪುಸ್ತಕಗಳನ್ನು ನಿಮ್ಮ ಚೀಲಕ್ಕೆ ಹಾಕಿತು.

ಇರಲಿ. ಶಿಫಾರಸು ಕೇಳಿದ್ದೀರಿ, ಕೊಡುತ್ತೇನೆ. ನಿಮ್ಮ ನಮೂನೆಯಲ್ಲಿ ಶೀರ್ಷಿಕೆ, ಲೇಖಕರು, ಪ್ರಕಾಶಕರು, ಮುಖಬೆಲೆ ಎಂದು ನಾಲ್ಕು ಖಾನೆಗಳಿವೆ. ಕೇಳುತ್ತ ಕೂತವನಿಗೆ ಏನಾಯಿತು ಎಂಬ ಖಾನೆ ಇಲ್ಲ. ನಾನು ಅದನ್ನೇ ತುಂಬುತ್ತೇನೆ.

ನಾವು ಗುಡಿಸಲ ಪುಸ್ತಕ ಎಂದು ಕರೆಯುವ ಒಂದಿದೆ. ಪ್ಲೇಗು ಬಂದಾಗ ಒಂದು ಊರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡ ಕತೆ. ಬದುವಿನ ಜಗಳದಲ್ಲಿ ಹನ್ನೆರಡು ವರ್ಷ ಮಾತುಬಿಟ್ಟ ಎರಡು ಮನೆಯವರು ಅಲ್ಲಿ ಒಂದೇ ಒಲೆಯಲ್ಲಿ ಅಂಬಲಿ ಕಾಯಿಸುತ್ತಾರೆ, ಏಕೆಂದರೆ ಬೆಂಕಿಪೆಟ್ಟಿಗೆ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಅದನ್ನು ಓದಿದ ದಿನ ಹಿಟ್ಟಿನ ಗಿರಣಿಯ ಕೊಟ್ರಸ್ವಾಮಿ, "ಗುರುಸಂಗಣ್ಣ, ಇಲಿ ಬಂದಾಗೂ ರಾಜನ ಧ್ವನಿ ಯಾಕೋ ಮಾರಾಯ? ಕಿಚಕಿಚ ಅನ್ನಪ್ಪ, ನಮಗೂ ನಂಬಿಕಿ ಬರಬೇಕಲ್ಲ!" ಎಂದು ಎಲ್ಲರನ್ನೂ ನಗಿಸಿದ. ಹಾಗೆ ನಗಿಸಿದವನು ಪುಸ್ತಕ ಮುಗಿದ ಮೇಲೆ ಎದ್ದು ಹೋಗಿ ತಾನು ಮಾತುಬಿಟ್ಟಿದ್ದ ಅಣ್ಣನ ಮನೆ ಬಾಗಿಲು ಬಡಿದ. ಗಂಜಿ ಪುಸ್ತಕ ಎಂಬುದೊಂದಿದೆ. ಹುಣಸೆ ಬೀಜವನ್ನು ಎಷ್ಟು ಹುರಿದು, ಎಷ್ಟು ಹೊತ್ತು ನೆನೆಸಿ ಬೇಯಿಸಿದರೆ ಮಕ್ಕಳ ಹೊಟ್ಟೆ ನೋಯುವುದಿಲ್ಲ ಎಂದು ಬರದಲ್ಲಿ ಬದುಕಿದ ಒಬ್ಬಾಕೆ ಅದರಲ್ಲಿ ಹೇಳಿದ್ದಾಳೆ. ನಮ್ಮ ಓಣಿಯ ಹೆಂಗಸರು ಆ ಪುಟವನ್ನು ಮೂರು ಸಲ ಓದಿಸಿದರು. "ಯಾತಕ್ಕ ಬೇಕವ್ವಾ ಈಗ?" ಎಂದೆ. "ಗೊತ್ತಿರ್ಲಿ ಅಂತ" ಎಂದರು. ಇದಕ್ಕಿಂತ ದೊಡ್ಡ ಶಿಫಾರಸು ನನ್ನ ಹತ್ತಿರ ಇಲ್ಲ.

ಇನ್ನು ಮೂರನೆಯದು. ಅದಕ್ಕೆ ಮೊದಲ ಆರು ಹಾಳೆಗಳೇ ಇಲ್ಲ. ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ೪೧೨ ಎಂದಿದೆ. ಹಿಂದೆ ಯಾವುದೋ ಕಾಲದಲ್ಲಿ ದನಕರು, ಕುರಿಗಳಿಗೆ ದೊಡ್ಡ ಜಡ್ಡು ಬಂದಾಗ ಒಬ್ಬ ಕುರಿಗಾರ ತನಗೇನಾಯಿತು ಎಂದು ಹೇಳಿದ್ದನ್ನು ಒಬ್ಬ ಮಾಸ್ತರು ಬರೆದುಕೊಂಡದ್ದು. ನೂರಾ ನಲವತ್ತು ಪುಟ. ಶೆಲ್ಫಿನ ತಳದಲ್ಲಿದ್ದ ಅದನ್ನು ಚಂದನಾ ಹುಡುಕಿ ತೆಗೆದದ್ದು ಪಾಲಾಕ್ಷಪ್ಪನಿಗಾಗಿ.

ಪಾಲಾಕ್ಷಪ್ಪ ನಮ್ಮೂರ ಕುರಿಗಾರ. ನಲವತ್ತಾರು ವಯಸ್ಸು. ಈ ಸಲ ಮಳೆ ಹಿಡಿದುಕೊಂಡ ತಿಂಗಳು ಅವನ ಕುರಿಗಳಿಗೆ ನೀಲಿ ನಾಲಗೆಯ ರೋಗ ಬಡಿಯಿತು. ಡಾಕ್ಟರು ಬಂದರು, ಸೂಜಿ ಹಾಕಿದರು, ತಡವಾಗಿತ್ತು. ನೂರಾ ಹತ್ತರಲ್ಲಿ ಹನ್ನೊಂದು ದಿನಕ್ಕೆ ಮೂವತ್ತೊಂದು ಉಳಿದವು. ಸತ್ತವನ್ನು ಅವನೇ ಒಂದೊಂದಾಗಿ ಎತ್ತಿ ತಂದು, ತೋಡಿದ ಕುಣಿಗೆ ಇಳಿಸಿದ. ಆಮೇಲೆ ರೊಪ್ಪದ ಮುಂದೆ, ಅಂದರೆ ಕುರಿ ಕೂಡಿಹಾಕುವ ಮುಳ್ಳುಬೇಲಿಯ ಬಾಗಿಲಲ್ಲಿ, ಕಂಬಳಿ ಹಾಸಿ ಕೂತ. ಕೂತವನು ಏಳಲಿಲ್ಲ. ಉಳಿದ ಮೂವತ್ತೊಂದನ್ನು ಮೇಯಿಸಲು ಅವನ ಹೆಂಡತಿ ಓಬಮ್ಮ ಹೋಗುತ್ತಿದ್ದಳು. ಒಂದು ಮುಂಜಾನೆ ಅವಳು ನಮ್ಮ ಮನೆಗೆ ಬಂದಳು. ಸೆರಗಿನೊಳಗಿನಿಂದ ಒಂದು ಹಗ್ಗ, ಕುರಿ ಮೈಯ ಉಣ್ಣಿಹುಳಕ್ಕೆ ಹೊಡೆಯುವ ಔಷಧಿಯ ಬಾಟ್ಲಿ ತೆಗೆದು ಜಗಲಿಯ ಮೇಲಿಟ್ಟಳು.

"ಇವನ್ನ ನಿಮ್ಮನ್ಯಾಗ ಇಟ್ಕಳ್ರಿ ಗುರುಸಂಗಣ್ಣ. ಯಾಕಂತ ಕೇಳಬ್ಯಾಡ್ರಿ."

ಎರಡನ್ನೂ ಒಳಗೆ ಬಚ್ಚಿಟ್ಟೆ. ಆವತ್ತೇ ಸಂಜೆ ಹೋಗಿ ಪಾಲಾಕ್ಷಪ್ಪನ ರಟ್ಟೆ ಹಿಡಿದು ಕಟ್ಟೆಗೆ ಕರೆತಂದೆ. ಬಂದ. ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತ. ನಾನು ೪೧೨ ತೆರೆದೆ. ಮೊದಲ ದಿನ ಅವನು ಬೆನ್ನು ತಿರುಗಿಸಿಯೇ ಇದ್ದ. ಮೂರನೇ ದಿನ ಪುಸ್ತಕದ ಕುರಿಗಾರ ತನ್ನ ಟಗರಿನ ಬಾಯಿ ಒರೆಸುವ ಜಾಗ ಬಂತು. ಪಾಲಾಕ್ಷಪ್ಪ ಪೂರಾ ನನ್ನ ಕಡೆ ತಿರುಗಿದ. ಐದನೇ ದಿನ ಮಾತಾಡಿದ. ಇಪ್ಪತ್ತಾರು ದಿನಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು ಅದು ಎಂದು ಓಬಮ್ಮ ಹೇಳುತ್ತಾಳೆ.

"ಮುಂದ ಏನಾತ್ರೀ?"

ಮಾನ್ಯರೇ, ನಿಮ್ಮ ಇಲಾಖೆಗೆ ಇಷ್ಟು ವರ್ಷಗಳಲ್ಲಿ ಬಂದ ಅರ್ಜಿಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಅರ್ಜಿ ಒಂದಿದ್ದರೆ ತೋರಿಸಿ.

ಈಗ ನನ್ನ ಎರಡನೇ ತಪ್ಪು. ಕಳೆದ ಭಾನುವಾರ ಎಂಬತ್ತೆಂಟನೇ ಪುಟಕ್ಕೆ ಬಂದಿದ್ದೆ. ಪುಸ್ತಕದ ಕುರಿಗಾರ ಎಲ್ಲ ಹೂತು ಬಂದು ರೊಪ್ಪದ ಬಾಗಿಲಲ್ಲಿ ಕೂತಿದ್ದಾನೆ. ಹೆಂಡತಿ ಉಳಿದ ಕುರಿಗಳನ್ನು ಹೊರಗೆ ಬಿಡುತ್ತಾಳೆ. ಅವು ಅವನ ಮುಂದೆಯೇ ಹಾದುಹೋಗುತ್ತವೆ. ಅವನು ಕೋಲಿನ ಕಡೆ ಕೈ ಚಾಚುತ್ತಾನೆ. ಪುಟ ಮುಗಿಯಿತು. ಗಂಟೆ ಆರಕ್ಕೆ ಇನ್ನೂ ಐದು ನಿಮಿಷ ಇತ್ತು. ಒಂದು ಪುಟ ಓದಬಹುದಿತ್ತು. ಆದರೆ ಕಂಪನಿ ನಾಟಕದ ಚಟ ನೋಡಿ: ಜನ ಉಸಿರು ಬಿಗಿಹಿಡಿದಾಗ ಪರದೆ ಎಳೆಯಬೇಕು, ನಾಳೆ ಟೆಂಟು ತುಂಬುತ್ತದೆ. ಪುಸ್ತಕ ಟಪ್ಪೆಂದು ಮುಚ್ಚಿ, "ಕೋಲು ಹಿಡಿದನೇ? ಬಿಟ್ಟನೇ?" ಎಂದು ಗುಡುಗಿದೆ. ಪಾಲಾಕ್ಷಪ್ಪ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಮೀಸೆ ತಿರುವಿದೆ. ದೇವರೇ, ಮೀಸೆ ತಿರುವಿದೆ.

ಸೋಮವಾರ ಮಧ್ಯಾಹ್ನ ನಿಮ್ಮ ಕಚೇರಿಯ ಒಬ್ಬರು ಬಂದು ಪಟ್ಟಿಯ ಪ್ರಕಾರ ಪುಸ್ತಕ ಎಣಿಸಿ ಬೀರುವಿಗೆ ಹಾಕಿ, ಬೀಗ ಜಡಿದು, ಅರಗು ಇಳಿಸಿದರು. ಚಂದನಾ ಆ ಒಂದು ಪುಸ್ತಕ ಬಿಡಿರೆಂದು ಬೇಡಿಕೊಂಡಳು. "ನಲವತ್ತೊಂದು ಅಂತ ಬರೆದಾಗಿದೆ, ನಲವತ್ತು ಮಾಡಲು ಬರುವುದಿಲ್ಲ" ಎಂದರಂತೆ. ಆವತ್ತು ಓದು ನಡೆಯಲಿಲ್ಲ. ಮರುದಿನ ನಾನು ನಿಮ್ಮ ಕಚೇರಿಗೆ ಫೋನು ಮಾಡಿದೆ. ಅತ್ತ ಕಡೆಯ ಧ್ವನಿ ಬಹಳ ವಿನಯದಿಂದ ಕೇಳಿತು:

"ಪುಸ್ತಕದ ಹೆಸರೇನ್ ಸಾರ್?"

"ಹೆಸರಿಲ್ಲ. ಹಾಳೆ ಹರಿದೈತಿ."

"ಹೆಸರಿಲ್ಲದ ಪುಸ್ತಕಕ್ಕೆ ಹೇಗ್ ಸಾರ್ ಅನುಮತಿ ಕೊಡೋದು? ಅರ್ಜಿ ಕೊಡಿ, ಏಳು ದಿನದಲ್ಲಿ ಉತ್ತರ ಬರುತ್ತೆ."

ಏಳು ದಿನ! ನಾಲ್ಕನೇ ದಿನ ವ್ಯಾನು. ಉತ್ತರ ಬರುವ ಹೊತ್ತಿಗೆ ಕೊಟ್ಟೂರಿನ ಯಾವುದೋ ಗಾಡಿಯಲ್ಲಿ ಎಂಬತ್ತೊಂಬತ್ತನೇ ಪುಟ ಮಿರ್ಚಿಯ ಎಣ್ಣೆ ಕುಡಿದು ಕೂತಿರುತ್ತದೆ.

ಮಂಗಳವಾರ ಸಂಜೆ ನಾಲ್ಕಾಯಿತು. ಪಾಲಾಕ್ಷಪ್ಪ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಪುಸ್ತಕ ಇಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಮನೆಯಲ್ಲಿದ್ದ ಹಳೆಯ ನಾಟಕದ ಒಂದು ಪುಸ್ತಕಕ್ಕೆ ಪೇಪರು ಸುತ್ತಿ ಕೈಯಲ್ಲಿ ಹಿಡಿದು, ಓದುವವನಂತೆ ಕಣ್ಣಾಡಿಸುತ್ತ, ಕಟ್ಟಿ ಹೇಳತೊಡಗಿದೆ. ನನಗೇನು ಕಷ್ಟ? ಕುರಿಗಾರ ಕೋಲು ಹಿಡಿದ ಎಂದೆ. ಗುಡ್ಡ ಹತ್ತಿದ ಎಂದೆ. ಗುಡ್ಡದ ಮೇಲೆ ಒಬ್ಬ ಜಂಗಮನನ್ನು ನಿಲ್ಲಿಸಿದೆ. ಅವನ ಕೈಯಿಂದ ವಿಭೂತಿ ಕೊಡಿಸಿದೆ. ಕುಣಿಯ ಮೇಲೆ ವಿಭೂತಿ ಬಿದ್ದದ್ದೇ ತಡ, ಸತ್ತ ಕುರಿಗಳೆಲ್ಲ ಮೈ ಕೊಡವಿಕೊಂಡು ಎದ್ದವು! ಕಟ್ಟೆಯ ಮೇಲೆ ಇಬ್ಬರು ಕೈ ಮುಗಿದರು. ಪಾಲಾಕ್ಷಪ್ಪ ನನ್ನ ಕೈಯಲ್ಲಿದ್ದ ಪೇಪರಿನ ಸುತ್ತನ್ನು ನೋಡುತ್ತಿದ್ದ.

"ಸತ್ತ ಕುರಿ ಏಳಾದಿಲ್ಲ, ಗುರುಸಂಗಣ್ಣ" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಕುಣಿಗೆ ಇಳಿಸಿದಾವ ನಾನು. ನನಗ ಗೊತ್ತೈತಿ. ಆ ಪುಸ್ತಕ ಇಷ್ಟು ದಿನ ಸುಳ್ಳು ಹೇಳಿದ್ದಿಲ್ಲ. ಇದು ನಿಮ್ಮ ನಾಟಕ."

ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಬುಧವಾರ ಬರಲಿಲ್ಲ. ನಿನ್ನೆ ಬರಲಿಲ್ಲ. ಇವತ್ತು ಓಬಮ್ಮ ದಾರಿಯಲ್ಲಿ ಸಿಕ್ಕಳು. ಮತ್ತೆ ಮಾತು ನಿಂತಿದೆಯಂತೆ, ಊಟ ಅರ್ಧಕ್ಕೆ ಬಿಡುತ್ತಾನಂತೆ. ಅವಳು ಕುರಿ ಬಿಟ್ಟು ಅವನನ್ನು ಕಾಯಬೇಕೋ, ಅವನನ್ನು ಬಿಟ್ಟು ಕುರಿ ಕಾಯಬೇಕೋ ತಿಳಿಯದಾಗಿದ್ದಕ್ಕೆ, ಹಗಲೆಲ್ಲ ಅವಳ ತಂಗಿ ಬಂದು ಅವನ ಹತ್ತಿರ ಕೂರುತ್ತಿದ್ದಾಳೆ. ಆಸ್ಪತ್ರೆಯ ನರ್ಸಮ್ಮನಿಗೂ ಹೇಳಿಟ್ಟಿದ್ದೇವೆ, ಬಂದು ನೋಡಿ ಹೋಗಿದ್ದಾರೆ. ಈ ಪತ್ರದಲ್ಲಿ ಅವನ ಹೆಸರು ಬರೆಯಲೇ ಎಂದು ಓಬಮ್ಮನನ್ನು ಕೇಳಿದೆ. "ಬರೀರಿ. ಹೆಸರಿಲ್ದೋರ ಸಲುವಾಗಿ ಯಾರು ಎದ್ದು ಬರ್ತಾರ?" ಎಂದಳು.

ನೀವು ಕೇಳಬಹುದು: ಗುರುಸಂಗಪ್ಪನವರೇ, ಆ ಪುಸ್ತಕದಲ್ಲಿ ಮುಂದೆ ಒಳ್ಳೆಯದೇ ಇದೆ ಎಂದು ನಿಮಗೆ ಹೇಗೆ ಗೊತ್ತು? ಗೊತ್ತಿಲ್ಲ ಮಾನ್ಯರೇ. ನಾನು ಯಾವ ಪುಸ್ತಕವನ್ನೂ ಮುಂಚೆ ಓದಿಕೊಂಡು ಹೋಗುವುದಿಲ್ಲ, ಕೇಳುವವರ ಜೊತೆಯೇ ನನಗೂ ತಿಳಿಯಬೇಕೆಂಬ ಹಮ್ಮು. ಆ ಕುರಿಗಾರ ಕೋಲನ್ನು ಹಿಡಿಯದೆಯೂ ಇದ್ದಿರಬಹುದು. ಆದರೆ ಅವನು ಮುಂದೆ ಐವತ್ತೆರಡು ಪುಟದಷ್ಟು ಮಾತಾಡಿದ್ದಾನೆ. ಎದುರು ಕೂತ ಮಾಸ್ತರಿಗೆ ತನ್ನ ಬಾಯಿಂದಲೇ ಹೇಳಿ ಬರೆಸಿದ್ದಾನೆ. ಹೇಳುವಷ್ಟು ಕಾಲ ಅವನು ಇದ್ದ ಎಂಬುದಷ್ಟೇ ನನಗೆ ಗೊತ್ತಿರುವುದು. ಹೇಗೆ ಇದ್ದ? ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದ? ಯಾರು ಅವನಿಗೆ ಒಂದು ಮರಿ ಕೊಟ್ಟರು, ಅಥವಾ ಯಾರೂ ಕೊಡಲಿಲ್ಲವೇ? ಪಾಲಾಕ್ಷಪ್ಪ ಕೇಳಿದ್ದು ಇದನ್ನು. ನನ್ನ ಜಂಗಮನನ್ನಲ್ಲ. ನಿಮ್ಮ ಹೊಸ ಪಟ್ಟಿಯಲ್ಲಿ ಬರುವ, ಹೊಳೆಯುವ ರಟ್ಟಿನ, ಯಶಸ್ಸಿಗೆ ಇಷ್ಟು ಮೆಟ್ಟಿಲು ಎಂದು ಹೇಳುವ ಪುಸ್ತಕವನ್ನೂ ಅಲ್ಲ. ಕುಣಿ ತೋಡಿದ ಇನ್ನೊಬ್ಬನ ಮಾತು ಅವನಿಗೆ ಬೇಕು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಬೀರುವಿನ ಮುದ್ರೆ ಒಡೆದು ಆ ನಲವತ್ತೊಂದೂ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಮರಳಿಸಿ. ನಿಮ್ಮ ರಿಜಿಸ್ಟರಿನಲ್ಲಿ ಕೂತು ಕೇಳಿದವರಿಗೆ ಒಂದು ಖಾನೆ ಮಾಡಿ, ಐದು ತಾಲ್ಲೂಕಿನ ಎಲ್ಲ ಲೈಬ್ರರಿಗಳಲ್ಲಿಯೂ ಮಾಡಿ. ನಮ್ಮಂಥ ಕಟ್ಟೆಗಳು ಇನ್ನೆಷ್ಟಿವೆಯೋ, ಅಲ್ಲಿ ಯಾರು ಯಾವ ಪುಟದಲ್ಲಿ ಕಾಯುತ್ತ ಕೂತಿದ್ದಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದಕ್ಕೆಲ್ಲ ಸಮಯ ಬೇಕೆಂದರೆ ತೆಗೆದುಕೊಳ್ಳಿ. ಆದರೆ ೪೧೨ಕ್ಕೆ ಸಮಯ ಕೊಡಲು ನನ್ನ ಹತ್ತಿರ ಇಲ್ಲ. ಅದನ್ನು ನಾಳೆಯೇ ಬಿಡಿ.

ಈ ಪತ್ರವನ್ನು ಚಂದನಾ ಮೊಬೈಲಿನಲ್ಲಿ ಟೈಪು ಮಾಡಿ ಐದೂ ತಾಲ್ಲೂಕಿನ ಗುಂಪುಗಳಿಗೆ ಕಳಿಸುತ್ತಿದ್ದಾಳೆ. ನಿಮ್ಮ ಕಚೇರಿಗೆ ಒಂದು ಪ್ರತಿ ಬಂದೇ ಇರುತ್ತದೆ. ಉಳಿದ ಪ್ರತಿಗಳನ್ನು ನಾನು ಗೋಡೆಗಳಿಗೆ ಅಂಟಿಸುತ್ತಿದ್ದೇನೆ.

ನಾಳೆ ಬೆಳಿಗ್ಗೆ ಆರಕ್ಕೆ ನಾನು ಪಾಲಾಕ್ಷಪ್ಪನ ರೊಪ್ಪಕ್ಕೆ ಹೋಗುತ್ತೇನೆ. ಮೊನ್ನೆ ನಾನು ಓದಿದ್ದು ಸುಳ್ಳು, ನನ್ನ ಕೈಯಲ್ಲಿದ್ದದ್ದು ಆ ಪುಸ್ತಕವಲ್ಲ, ಮುಂದೇನಾಯಿತು ಎಂದು ನನಗೂ ಗೊತ್ತಿಲ್ಲ, ನನಗೂ ಹೆದರಿಕೆ ಇದೆ ಎಂದು ಅವನ ಎದುರು ಕೂತು ಸಣ್ಣ ದನಿಯಲ್ಲಿ ಹೇಳುತ್ತೇನೆ. ಅವನು ಏಳುವವರೆಗೆ ಅಲ್ಲಿಂದ ನಾನೂ ಏಳುವುದಿಲ್ಲ. ಎದ್ದರೆ, ಇಬ್ಬರೂ ಲೈಬ್ರರಿಗೆ ನಡೆದುಬರುತ್ತೇವೆ. ವ್ಯಾನು ಬಂದ ಮೇಲೆ ನಿಮ್ಮವರೇ ತಮ್ಮ ಕೈಯಿಂದ ಮುದ್ರೆ ಒಡೆಯುತ್ತಾರೆ, ನಾನು ಮುಟ್ಟುವುದಿಲ್ಲ. ಅವರು ಪುಸ್ತಕಗಳನ್ನು ಚೀಲಕ್ಕೆ ತುಂಬುವ ಮೊದಲು ನಾನು ಡ್ರೈವರನ ಮುಂದೆ ಕೈ ಮುಗಿದು ನಿಲ್ಲುತ್ತೇನೆ. ಐವತ್ತೆರಡು ಪುಟ, ನಾಲ್ಕು ತಾಸು ಹಿಡಿದೀತು, ಅಷ್ಟು ಹೊತ್ತು ಗಾಡಿ ನಿಲ್ಲಿಸಿ ನೀನೂ ಕಟ್ಟೆಯ ಮೇಲೆ ಕೂತು ಕೇಳಪ್ಪ ಎನ್ನುತ್ತೇನೆ. ಆಮೇಲೆ ಎಂಬತ್ತೊಂಬತ್ತನೇ ಪುಟ ತೆಗೆದು, ಅದರಲ್ಲಿ ಏನಿದೆಯೋ ಅದನ್ನೇ ಓದುತ್ತೇನೆ.

ಇಂತಿ,
ನಿಮ್ಮ ರಿಜಿಸ್ಟರಿನ ಪ್ರಕಾರ ಹುಟ್ಟೇ ಇರದ ಓದುಗ,
ಗುರುಸಂಗಪ್ಪ, ಮಾಜಿ ರಾಜಪಾರ್ಟು,
ಹೊಸಹಳ್ಳಿ ಹೋಬಳಿ, ಕೂಡ್ಲಿಗಿ ತಾಲ್ಲೂಕು